ಒದ್ದೆ ಬಟ್ಟೆ, ಕಾದ ಯಂತ್ರ

ಡ್ರೈಯರ್ ರಿಪೇರಿಗೆಂದು ಕರೆದರೆ ಪಳಗಿದ ಮೆಕ್ಯಾನಿಕ್ ಬಹಳ ಸಲ ಮೊದಲಿಗೆ ಯಂತ್ರದ ಹತ್ತಿರವೇ ಹೋಗುವುದಿಲ್ಲ. ಒಮ್ಮೆ ಆನ್ ಮಾಡಿ ಎಂದು ಮನೆಯವರಿಗೆ ಹೇಳಿ, ತಾನು ಹೊರಗೆ ನಡೆದು ಹಿಂಗೋಡೆಯ ಮುಂದೆ ನಿಲ್ಲುತ್ತಾನೆ. ಅಲ್ಲೊಂದು ಅಂಗೈಯಗಲದ ಕಿಂಡಿ, ಅದಕ್ಕೊಂದು ತೂಗುಮುಚ್ಚಳ. ಯಂತ್ರ ಓಡುವಾಗ ಮುಚ್ಚಳ ಪೂರ್ತಿ ಎದ್ದು, ಬೆಚ್ಚನೆಯ ತೇವದ ಗಾಳಿ ಕೈಗೆ ರಭಸವಾಗಿ ಬಡಿಯಬೇಕು. ಮುಚ್ಚಳ ಸುಮ್ಮನೆ ನಡುಗುತ್ತಿದ್ದರೆ, ಅದರ ಅಂಚಿಗೆ ಬೂದುಬಣ್ಣದ ನೂಲಿನ ಜುಂಗು ಗಡ್ಡದ ಹಾಗೆ ಇಳಿಬಿದ್ದಿದ್ದರೆ, ಒಳಗಿನ ಯಂತ್ರವನ್ನು ಬಿಚ್ಚುವ ಮೊದಲೇ ಅವನಿಗೆ ಅರ್ಧ ಉತ್ತರ ಸಿಕ್ಕಿರುತ್ತದೆ.

ದೂರು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹದಿನೈದಿಪ್ಪತ್ತು ನಿಮಿಷ ಸರಿಯಾಗಿ ತಿರುಗುತ್ತದೆ, ಆಮೇಲೆ ನಿಂತುಬಿಡುತ್ತದೆ. ಮುಟ್ಟಿದರೆ ಮೇಲ್ಭಾಗ ಕೆಂಡದಂತೆ ಕಾದಿದೆ, ಬಾಗಿಲು ತೆರೆದರೆ ಬಟ್ಟೆ ಇನ್ನೂ ಹಸಿ. ಅರ್ಧ ಗಂಟೆ ಬಿಟ್ಟು ಗುಂಡಿ ಒತ್ತಿದರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ.

ಅಮೆರಿಕದಲ್ಲಿ ಐದರಲ್ಲಿ ನಾಲ್ಕು ಮನೆಗಳಲ್ಲಾದರೂ ಡ್ರೈಯರ್ ಇದೆ; ಹಾಗಾಗಿ ಈ ದೂರು ಅಲ್ಲಿ ದಿನನಿತ್ಯದ್ದು. ಅನೇಕ ಬಡಾವಣೆಗಳ ನಿವಾಸಿ ಸಂಘಗಳು ಹಿತ್ತಲಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದನ್ನೇ ಒಪ್ಪುವುದಿಲ್ಲ. ಫ್ಲಾರಿಡಾ, ವರ್ಮಾಂಟ್, ಮೇನ್‌ನಂಥ ರಾಜ್ಯಗಳು ಬಿಸಿಲಿನಲ್ಲಿ ಬಟ್ಟೆ ಒಣಗಿಸುವ ಹಕ್ಕಿಗಾಗಿ ಕಾನೂನನ್ನೇ ಮಾಡಬೇಕಾಯಿತು. ಮಗಳ ಬಾಣಂತನಕ್ಕೆಂದು ದಾವಣಗೆರೆಯಿಂದ ಡಲ್ಲಾಸಿಗೆ ಹೋದ ತಾಯಿಗೆ, ಹೊರಗೆ ನಲವತ್ತು ಡಿಗ್ರಿ ಬಿಸಿಲು ಕಾಯುತ್ತಿರುವಾಗ ಒಳಗೆ ಕರೆಂಟು ಸುಟ್ಟು ಬಟ್ಟೆ ಒಣಗಿಸುವುದು ಹುಚ್ಚಾಟವೆಂದೇ ಕಾಣುತ್ತದೆ. ಅವರ ತಕರಾರಿನಲ್ಲಿ ನ್ಯಾಯವಿದೆ. ಆದರೆ ಯಂತ್ರ ಹುಟ್ಟಿದ್ದು ಚಳಿಯ ನಾಡಿನಲ್ಲಿ. ನಾರ್ತ್ ಡಕೋಟದ ಜೆ. ರಾಸ್ ಮೂರ್ ಎಂಬಾತ ಹಿಮಗಾಳಿಯಲ್ಲಿ ಬಟ್ಟೆ ಒಣಹಾಕುವ ಪಾಡು ತಪ್ಪಿಸಲು ಹೊರಟು ರೂಪಿಸಿದ ಯಂತ್ರವನ್ನು ವಿಸ್ಕಾನ್ಸಿನ್‌ನ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ 'ಜೂನ್ ಡೇ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಡಿಸೆಂಬರಿನಲ್ಲೂ ಜೂನ್ ತಿಂಗಳ ಹಗಲು ಎಂಬ ಆಸೆ ಆ ಹೆಸರಿನಲ್ಲೇ ಇತ್ತು.

ಬಟ್ಟೆ ಒಣಗುವುದು ಬಿಸಿಗೆ ಎಂದು ನಂಬಿದವರಿಗೆ ಈ ಯಂತ್ರ ಅರ್ಥವಾಗುವುದಿಲ್ಲ. ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಗಾಳಿಯಾಡದ ಕೋಣೆಯೊಳಗೆ ಹಾಕಿದ ಪಂಚೆ ಸಂಜೆಯಾದರೂ ತಣ್ಣಗೆ ಜೋತಾಡುತ್ತಿರುತ್ತದೆ. ಗದಗದಲ್ಲಿ ಬೀಸುಗಾಳಿಯ ದಿನ, ಬಿಸಿಲು ಮಂಕಾಗಿದ್ದರೂ ಅದೇ ಪಂಚೆ ಗಂಟೆಯೊಳಗೆ ಗರಿಗರಿ. ಶಾಖ ನೀರನ್ನು ಆವಿಯಾಗಿಸುತ್ತದೆ, ನಿಜ. ಆ ಆವಿಯನ್ನು ಅಲ್ಲಿಂದ ಹೊತ್ತು ಸಾಗಿಸದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಡ್ರೈಯರ್ ಎಂದರೆ ಮೊದಲಿಗೆ ಗಾಳಿ ಹಾಯಿಸುವ ಯಂತ್ರ. ಹೀಟರ್ ಅದರ ಸಹಾಯಕ.

ಲೆಕ್ಕ ನೋಡಿದರೆ ಗಾಳಿಯ ಪಾಲೆಷ್ಟೆಂದು ತಿಳಿಯುತ್ತದೆ. ಐದು ಕಿಲೋ ಬಟ್ಟೆಯನ್ನು ವಾಷಿಂಗ್ ಮಷೀನು ನಿಮಿಷಕ್ಕೆ 1,000 ಸುತ್ತಿನಲ್ಲಿ ಹಿಂಡಿದ ಮೇಲೂ ಅದರಲ್ಲಿ ಸುಮಾರು ಮೂರು ಕಿಲೋ ನೀರು ಉಳಿದಿರುತ್ತದೆ. ಅಷ್ಟನ್ನೂ ಆವಿ ಮಾಡಲು ಏನೂ ಪೋಲಾಗದಿದ್ದರೂ ಸುಮಾರು ಎರಡು ಯೂನಿಟ್ ವಿದ್ಯುತ್ ಬೇಕು. ಅಮೆರಿಕದ ಮಾಮೂಲಿ ಯಂತ್ರದಲ್ಲಿ 240 ವೋಲ್ಟಿನಲ್ಲಿ ಉರಿಯುವ, 5,000 ವ್ಯಾಟಿನ ಆಸುಪಾಸಿನ ಹೀಟರ್ ಇರುತ್ತದೆ. ಫ್ಯಾನು ಕೋಣೆಯ ಗಾಳಿಯನ್ನು ಎಳೆದು ಹೀಟರಿನ ಮೇಲೆ ಹಾಯಿಸುತ್ತದೆ. ಕಾದ ಗಾಳಿ ತಿರುಗುವ ಡ್ರಮ್ಮಿನೊಳಗೆ ಹೋಗಿ ಬಟ್ಟೆಯ ತೇವ ಹೀರಿಕೊಂಡು, ಜುಂಗು ಹಿಡಿಯುವ ಜಾಲರಿಯನ್ನು ದಾಟಿ, ಕೊಳವೆಯ ಮೂಲಕ ಮನೆಯಿಂದಾಚೆಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಹೀಟರಿನ ಮೇಲೆ ಹಾಯುವ ಗಾಳಿ ಕಡಿಮೆಯಾಗುತ್ತದೆ. ಹೀಟರ್ ಮಾತ್ರ ತನ್ನ ಪಾಲಿನ 5,000 ವ್ಯಾಟನ್ನು ಸುರಿಯುತ್ತಲೇ ಇರುತ್ತದೆ. ಕಡಿಮೆ ಗಾಳಿ, ಅಷ್ಟೇ ಶಾಖ. ಹೀಟರಿನ ಪೆಟ್ಟಿಗೆ ಕೆಂಪಗಾಗುವ ಹೊತ್ತಿಗೂ ಬಟ್ಟೆ ಹಸಿಯಾಗಿಯೇ ಉಳಿದಿರುವುದು ಇದರಿಂದ.

ಹೀಗಾದಾಗ ಯಂತ್ರವನ್ನು ನಿಲ್ಲಿಸಲೆಂದೇ ಒಳಗೆ ಕೆಲವು ಕಾವಲುಗಾರರಿದ್ದಾರೆ. ಬಹಳ ಮನೆಗಳಲ್ಲಿ ಕಾಣುವ ಒಂದು ಅಮೆರಿಕನ್ ವಿನ್ಯಾಸವನ್ನೇ ತೆಗೆದುಕೊಂಡರೆ, ಹೊರಹೋಗುವ ಗಾಳಿ 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹೀಟರನ್ನು ಆರಿಸಿ, ತಣ್ಣಗಾದಾಗ ಮತ್ತೆ ಹೊತ್ತಿಸುವುದು ದಿನದ ಕೆಲಸದ ಥರ್ಮೋಸ್ಟಾಟ್. ಫ್ಯಾನಿನ ಗೂಡಿನ ಮೇಲೆ 91 ಡಿಗ್ರಿಗೆ ಕರಗಿಹೋಗುವ ಥರ್ಮಲ್ ಫ್ಯೂಸ್. ಹೀಟರಿನ ಪೆಟ್ಟಿಗೆಗೆ ಅಂಟಿಕೊಂಡಂತೆ 121 ಡಿಗ್ರಿಯ ಹೈ ಲಿಮಿಟ್ ಥರ್ಮೋಸ್ಟಾಟ್. ಅದಕ್ಕೂ ಮೀರಿದರೆ 178 ಡಿಗ್ರಿಗೆ ಒಮ್ಮೆಗೇ ಕತ್ತರಿಸಿಕೊಳ್ಳುವ ಕಟ್ ಆಫ್. ಬೇರೆ ಮಾದರಿಗಳಲ್ಲಿ ಅಂಕಿ ಬೇರೆಯಾಗಬಹುದು, ಏರ್ಪಾಡು ಇದೇ ರೀತಿಯದು. ಇವಲ್ಲದೆ ಮೋಟರಿನ ಒಳಗೇ ಅದರ ಮೈಬಿಸಿ ನೋಡಿಕೊಳ್ಳುವ ಸ್ವಿಚ್ಚೊಂದು ಇರುತ್ತದೆ.

ಯಂತ್ರ ಹೇಗೆ ನಿಂತಿತು ಎಂಬುದನ್ನು ಗಮನಿಸಿದರೆ ಯಾವ ಕಾವಲುಗಾರ ಎದ್ದಿದ್ದಾನೆಂದು ಊಹಿಸಬಹುದು. ಡ್ರಮ್ ಸಮೇತ ಎಲ್ಲವೂ ನಿಂತು, ತಣ್ಣಗಾದ ಮೇಲೆ ತಾನಾಗಿ ಸರಿಹೋದರೆ ಅದು ಮೋಟರಿನೊಳಗಿನ ಸ್ವಿಚ್ಚಿನ ಕೆಲಸ. ಡ್ರಮ್ ತಿರುಗುತ್ತಿದೆ, ಬಿಸಿ ಮಾತ್ರ ಬಂದುಹೋಗಿ ಮಾಡುತ್ತಿದೆ ಎಂದರೆ ಹೈ ಲಿಮಿಟ್ ಥರ್ಮೋಸ್ಟಾಟ್ ಹೀಟರನ್ನು ಮತ್ತೆ ಮತ್ತೆ ತಡೆಯುತ್ತಿದೆ. ಬಿಸಿ ಪೂರ್ತಿ ಹೋಗಿ ಬರೀ ತಣ್ಣನೆಯ ಗಾಳಿ ಬಂದರೆ ಕಟ್ ಆಫ್ ಹೋಗಿರಬಹುದು, ಇಲ್ಲವೆ ಹೀಟರಿನ ತಂತಿಯೇ ತುಂಡಾಗಿರಬಹುದು. ಗುಂಡಿ ಒತ್ತಿದರೂ ಯಂತ್ರ ಮಿಸುಕದಿದ್ದರೆ ಮೊದಲ ಅನುಮಾನ ಥರ್ಮಲ್ ಫ್ಯೂಸಿನ ಮೇಲೆ. ಬಟ್ಟೆ ಹಸಿಯಿರುವಾಗಲೇ, ಯಂತ್ರ ಹೆಚ್ಚು ಕಾಯದೆಯೇ, ಕೆಲಸ ಮುಗಿಯಿತೆಂದು ಸದ್ದು ಮಾಡಿ ನಿಲ್ಲುವುದು ಬೇರೆಯೇ ಸಂಗತಿ: ಡ್ರಮ್ಮಿನ ಬಾಯಲ್ಲಿರುವ ತೇವ ಅಳೆಯುವ ಎರಡು ಲೋಹದ ಪಟ್ಟಿಗಳಿಗೆ ಜಿಡ್ಡು ಹಿಡಿದಿರುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಅದು ಮುಗಿಯಿತು.

ಥರ್ಮಲ್ ಫ್ಯೂಸಿನ ಬೆಲೆ ಕೆಲವೇ ಡಾಲರು. ಬದಲಾಯಿಸುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಮಲ್ಟಿಮೀಟರ್ ಹಿಡಿಯಲು ಬರುವ ಎಂಜಿನಿಯರ್ ಗಂಡ ಶನಿವಾರ ಬೆಳಿಗ್ಗೆ ಹೊಸ ಫ್ಯೂಸ್ ಹಾಕಿ, ಯಂತ್ರ ಓಡಿದ್ದು ಕಂಡು ಬೀಗುತ್ತಾನೆ. ಎರಡು ವಾರಕ್ಕೆ ಅದೂ ಹೋಗುತ್ತದೆ. ಫ್ಯೂಸ್ ಕೆಟ್ಟದ್ದಲ್ಲ, ಅದು ತನ್ನ ಕೆಲಸ ಮಾಡಿ ಸತ್ತಿದೆ. ಇನ್ನೂ ಕೆಲವರು ಫ್ಯೂಸಿನ ಎರಡು ತಂತಿಗಳನ್ನು ನೇರವಾಗಿ ಸೇರಿಸಿ, 'ಯಂತ್ರ ಸರಿಯಾಯಿತು' ಎಂದುಕೊಳ್ಳುತ್ತಾರೆ. ಜುಂಗು ತುಂಬಿದ ಪೆಟ್ಟಿಗೆಯೊಳಗೆ ಐದು ಸಾವಿರ ವ್ಯಾಟಿನ ಹೀಟರನ್ನು ಕಾವಲಿಲ್ಲದೆ ಬಿಟ್ಟು ನಿದ್ದೆಗೆ ಹೋಗುವವರಿಗೆ ಯಾವ ಬುದ್ಧಿಮಾತು ನಾಟುತ್ತದೋ!

ಹಾಗಾದರೆ ಅಡ್ಡಿ ಇರುವುದೆಲ್ಲಿ? ಹೆಚ್ಚಿನ ಸಲ ಗೋಡೆಯೊಳಗಿನ ಕೊಳವೆಯಲ್ಲಿ. ಹಳೆಯ ಮನೆಗಳಲ್ಲಿ ಡ್ರೈಯರ್ ಹೊರಗೋಡೆಗೋ ನೆಲಮಾಳಿಗೆಯ ಕಿಟಕಿಗೋ ಒತ್ತಿಕೊಂಡಿರುತ್ತಿತ್ತು. ಮೂರಡಿ ಕೊಳವೆ ಸಾಕಾಗುತ್ತಿತ್ತು. ಈಗಿನ ಟೌನ್‌ಹೌಸುಗಳಲ್ಲಿ ಅದು ಎರಡನೇ ಮಹಡಿಯ ನಟ್ಟನಡುವೆ, ಮಲಗುವ ಕೋಣೆಗಳ ಮಗ್ಗುಲಿನ ಕಪಾಟಿನಂಥ ಜಾಗದಲ್ಲಿ ಕೂತಿದೆ. ಮಡಿಲಲ್ಲಿ ಬಟ್ಟೆ ಹೊತ್ತು ಮೆಟ್ಟಿಲಿಳಿಯುವ ಕೆಲಸ ತಪ್ಪಿತು, ಆದರೆ ಗಾಳಿ ಮೂರು ನಾಲ್ಕು ತಿರುವು ದಾಟಿ ಛಾವಣಿಯವರೆಗೆ ಹತ್ತಬೇಕಾಯಿತು. ಅಮೆರಿಕದ ವಸತಿ ಕಟ್ಟಡ ಸಂಹಿತೆ ನಾಲ್ಕಂಗುಲ ವ್ಯಾಸದ ಈ ಕೊಳವೆಗೆ ಸಾಮಾನ್ಯವಾಗಿ 35 ಅಡಿಯ ಮಿತಿ ಹಾಕಿದೆ. ಪ್ರತಿ 90 ಡಿಗ್ರಿಯ ತಿರುವಿಗೆ ಅದರಲ್ಲಿ ಐದಡಿ, 45 ಡಿಗ್ರಿಯ ತಿರುವಿಗೆ ಎರಡೂವರೆ ಅಡಿ ಕಳೆಯಬೇಕು. ನಾಲ್ಕು ಸಲ ಮೂಲೆ ತಿರುಗಿದರೆ ಉಳಿಯುವುದು 15 ಅಡಿ. ಜೋಡಣೆಯ ಸ್ಕ್ರೂಗಳ ಮೊನೆ ಕೊಳವೆಯೊಳಗೆ ಚಾಚಿಕೊಂಡಿರಬಾರದು, ಹೊರಬಾಯಿಗೆ ಸೊಳ್ಳೆಪರದೆಯಂಥ ಜಾಲರಿ ಹಾಕಬಾರದು. ಎರಡೂ ಜುಂಗನ್ನು ಹಿಡಿದು ನಿಲ್ಲಿಸುತ್ತವೆ.

ಯಂತ್ರದ ಬೆನ್ನಿಗೂ ಗೋಡೆಗೂ ನಡುವೆ ಇರುವ ಸುಕ್ಕುಸುಕ್ಕಿನ ತೆಳು ಫಾಯಿಲ್ ಕೊಳವೆಯಂತೂ ತಂಟೆಯ ಮೂಲ. ಅಗ್ಗವೆಂದು ತಂದು ಹಾಕುತ್ತಾರೆ. ಯಂತ್ರವನ್ನು ಹಿಂದಕ್ಕೆ ದೂಡಿದ ಕೂಡಲೇ ಅದು ನಜ್ಜುಗುಜ್ಜಾಗುತ್ತದೆ. ಪ್ರತಿಯೊಂದು ಸುಕ್ಕಿನಲ್ಲೂ ಜುಂಗು ಕೂರುತ್ತದೆ. ಪ್ಲಾಸ್ಟಿಕ್ಕಿನದಾದರೆ ಬೆಂಕಿಗೂ ಆಹುತಿ. ಒಳಮೈ ನಯವಾಗಿರುವ ಗಟ್ಟಿ ಲೋಹದ ಕೊಳವೆಯೇ ಆಗಬೇಕು. ವಸಂತ ಕಾಲದಲ್ಲಿ ಮತ್ತೊಂದು ಅಧ್ಯಾಯ: ಮುಚ್ಚಳ ಮುರಿದ ಬೆಚ್ಚನೆಯ ಕಿಂಡಿ ಕಂಡ ಹಕ್ಕಿಗಳು ಅಲ್ಲೇ ಗೂಡು ಕಟ್ಟುತ್ತವೆ.

ತಪ್ಪು ಯಂತ್ರದ್ದೋ ಕೊಳವೆಯದೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ವಿದ್ಯುತ್ ಡ್ರೈಯರಿನ ಹಿಂದಿನ ಕೊಳವೆ ಕಳಚಿ, ಕಣ್ಣೆದುರಿನಲ್ಲೇ ಕೆಲ ನಿಮಿಷ ಓಡಿಸುವುದು. ಗಾಳಿ ಜೋರಾಗಿ ನುಗ್ಗಿ, ಯಂತ್ರ ಕಾದು ನಿಲ್ಲದಿದ್ದರೆ ತಪ್ಪು ಕೊಳವೆಯದು. ಗಾಳಿ ಆಗಲೂ ಸೊರಗಿದ್ದರೆ ಒಳಗೆ ನೋಡಬೇಕು. ಗ್ಯಾಸಿನಿಂದ ಉರಿಯುವ ಡ್ರೈಯರಿಗೆ ಈ ಪರೀಕ್ಷೆ ಸಲ್ಲದು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ಅದು ವಾಸನೆಯಿಲ್ಲದ ವಿಷ.

ಜಾಲರಿಯ ಜುಂಗನ್ನು ಪ್ರತಿ ಸಲವೂ ತೆಗೆಯುವವರ ಮನೆಯಲ್ಲೂ ಒಂದು ಮೋಸ ನಡೆಯುತ್ತಿರುತ್ತದೆ. ಬಟ್ಟೆ ಮೃದುವಾಗಿ ಘಮಘಮಿಸಲೆಂದು ಹಾಕುವ ಡ್ರೈಯರ್ ಶೀಟುಗಳ ಮೇಣದಂಥ ಅಂಶ ಜಾಲರಿಯ ಸಣ್ಣ ಕಣ್ಣುಗಳನ್ನು ಮುಚ್ಚುತ್ತಾ ಬರುತ್ತದೆ. ನೋಡಲು ಜಾಲರಿ ಸ್ವಚ್ಛ. ನಲ್ಲಿಯ ಕೆಳಗೆ ಹಿಡಿದರೆ ಗುಟ್ಟು ಬಯಲು: ನೀರು ಸರಾಗವಾಗಿ ಇಳಿದುಹೋಗುವ ಬದಲು ಮೇಲೆಯೇ ಕೆರೆ ಕಟ್ಟಿ ನಿಂತರೆ ಗಾಳಿಗೂ ದಾರಿಯಿಲ್ಲ. ಸೋಪುನೀರು, ಹಳೆಯ ಹಲ್ಲುಜ್ಜುವ ಬ್ರಷ್ ಇಷ್ಟೇ ಸಾಕು ಇದಕ್ಕೆ.

ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ನಡುವಿನ ದಾಖಲೆಗಳನ್ನು ಪರಿಶೀಲಿಸಿದಾಗ ಮನೆಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅವಘಡಗಳು, ಐದು ಸಾವು, ನೂರು ಮಂದಿಗೆ ಗಾಯ, ಮೂರೂವರೆ ಕೋಟಿ ಡಾಲರ್ ನಷ್ಟ ಎಂಬ ಅಂದಾಜು ಸಿಕ್ಕಿತು. ಕಾರಣಗಳ ಪೈಕಿ ಮೊದಲನೆಯದು ಸ್ವಚ್ಛಗೊಳಿಸದಿರುವುದು, ಶೇ. 34. ಅವಘಡಗಳು ಅತಿ ಹೆಚ್ಚಾಗಿದ್ದು ಜನವರಿಯಲ್ಲಿ. ಚಳಿಗಾಲದಲ್ಲಿ ದಪ್ಪ ಬಟ್ಟೆಯ ರಾಶಿ, ಹೆಚ್ಚು ಬಳಕೆ. ಜೊತೆಗೆ ತಣ್ಣನೆಯ ಕೊಳವೆಯಲ್ಲಿ ಹಬೆ ನೀರಾಗಿ ಇಳಿದು, ಆ ತೇವಕ್ಕೆ ಜುಂಗು ಮೆತ್ತಿಕೊಳ್ಳುತ್ತದೆ.

ಕೊಳವೆ, ಜಾಲರಿ ಎರಡೂ ನಿರ್ದೋಷಿಯಾದರೆ ಮಾತ್ರ ಯಂತ್ರ ಬಿಚ್ಚುವ ಮಾತು. ಪ್ಲಗ್ ಕಿತ್ತ ಮೇಲೆ, ಅದೂ ಕೈಪಳಗಿದವರು. ಪ್ಲಾಸ್ಟಿಕ್ ಫ್ಯಾನಿನ ನಡುರಂಧ್ರ ಸವೆದು, ಮೋಟರ್ ತಿರುಗಿದರೂ ಫ್ಯಾನು ಜಾರುತ್ತಿರಬಹುದು. ಡ್ರಮ್ಮಿನ ಅಂಚಿನ ಫೆಲ್ಟ್ ಪಟ್ಟಿ ಹರಿದಿದ್ದರೆ ಫ್ಯಾನು ಹೀಟರಿನ ಕಡೆಯಿಂದ ಎಳೆಯಬೇಕಾದ ಗಾಳಿಯನ್ನು ಸಂದಿಯಿಂದಲೇ ಎಳೆದುಕೊಳ್ಳುತ್ತದೆ. ಡ್ರಮ್ಮನ್ನು ಹೊತ್ತ ರೋಲರುಗಳು ಸವೆದರೆ ಮೋಟರಿಗೆ ಭಾರ. ಕೀರಲು ಸದ್ದು ಮೊದಲೇ ಎಚ್ಚರಿಸಿರುತ್ತದೆ, ಕೇಳಿಸಿಕೊಂಡವರಿಲ್ಲ ಅಷ್ಟೆ. ನಿಜಕ್ಕೂ ಅಂಜಬೇಕಾದ ದೋಷ ಹೀಟರಿನದು. ಸುರುಳಿತಂತಿ ಜೋತುಬಿದ್ದು ತನ್ನ ಲೋಹದ ಪೆಟ್ಟಿಗೆಗೆ ತಾಗಿದರೆ, ಎರಡೂ ತಂತಿಗಳಲ್ಲಿ ವಿದ್ಯುತ್ತಿರುವ ಅಮೆರಿಕದ 240 ವೋಲ್ಟಿನ ವೈರಿಂಗಿನಲ್ಲಿ ಥರ್ಮೋಸ್ಟಾಟ್ ಒಂದು ತಂತಿಯನ್ನು ಕಡಿದರೂ ಇನ್ನೊಂದರಿಂದ ವಿದ್ಯುತ್ ಹರಿದು ತಂತಿ ಉರಿಯುತ್ತಲೇ ಇರಬಹುದು. ಹೀಟರಿನ ತುದಿಗೂ ಪೆಟ್ಟಿಗೆಗೂ ನಡುವೆ ಮಲ್ಟಿಮೀಟರ್ ಸಂಪರ್ಕ ತೋರಿಸಿದರೆ ಹೀಟರನ್ನೇ ಬದಲಾಯಿಸಬೇಕು, ಬೇರೆ ದಾರಿಯಿಲ್ಲ.

ಎಲ್ಲ ತಪ್ಪನ್ನೂ ಮನೆಯವರ ತಲೆಗೆ ಕಟ್ಟುವುದು ಅನ್ಯಾಯ. ಬ್ರಿಟನ್ನಿನಲ್ಲಿ 2004ರಿಂದ 2015ರವರೆಗೆ ಹಾಟ್‌ಪಾಯಿಂಟ್, ಇಂಡೆಸಿಟ್, ಕ್ರೀಡಾ ಮುಂತಾದ ಹೆಸರುಗಳಲ್ಲಿ ಮಾರಾಟವಾದ ಲಕ್ಷಾಂತರ ಡ್ರೈಯರುಗಳಲ್ಲಿ ಜುಂಗು ಹೀಟರಿಗೆ ತಾಗುವಂಥ ದೋಷವಿದೆಯೆಂದು ಅವುಗಳ ಮಾಲೀಕ ಕಂಪನಿ ವರ್ಲ್‌ಪೂಲ್ 2015ರ ನವೆಂಬರಿನಲ್ಲಿ ಪ್ರಕಟಿಸಿತು. ದುರಸ್ತಿಗೆ ಸರದಿ ಬರುವ ತನಕ, ಮನೆಯಲ್ಲಿ ಯಾರಾದರೂ ಇರುವಾಗ ಬಳಸಬಹುದು ಎಂಬುದು ಕಂಪನಿಯ ಸಲಹೆ. 2016ರ ಆಗಸ್ಟ್ 19ರಂದು ಪಶ್ಚಿಮ ಲಂಡನ್ನಿನ ಶೆಪರ್ಡ್ಸ್ ಕೋರ್ಟ್ ಎಂಬ 18 ಅಂತಸ್ತಿನ ಕಟ್ಟಡದ ಫ್ಲಾಟೊಂದರಲ್ಲಿ ಅಂಥದೇ ಡ್ರೈಯರಿಗೆ ಬೆಂಕಿ ಹತ್ತಿ ಮೇಲಿನ ಮಹಡಿಗಳಿಗೆ ಹಬ್ಬಿತು. ಪ್ಲಗ್ ಕಿತ್ತು ಬಳಕೆಯನ್ನೇ ನಿಲ್ಲಿಸಿ ಎಂದು ಸಲಹೆ ಬದಲಾಗಿದ್ದು 2017ರಲ್ಲಿ. ದುರಸ್ತಿಯಾಗದ ಐದು ಲಕ್ಷದವರೆಗಿನ ಯಂತ್ರಗಳನ್ನು ಹಿಂಪಡೆಯುವ ಕೆಲಸ ಶುರುವಾಗಿದ್ದು 2019ರ ಜುಲೈನಲ್ಲಿ, ಸರ್ಕಾರ ಬಿಗಿ ಹಿಡಿದ ಮೇಲೆ. ನಾಲ್ಕು ವರ್ಷ ಬಹಳ ದೀರ್ಘವಾಯಿತು. ಮನೆಯಲ್ಲಿರುವ ಯಂತ್ರದ ಮಾದರಿ ಸಂಖ್ಯೆಯನ್ನು ಇಂಥ ಹಿಂಪಡೆತದ ಪಟ್ಟಿಯಲ್ಲಿ ಹುಡುಕುವುದು ಸ್ಕ್ರೂಡ್ರೈವರ್ ಹಿಡಿಯುವುದಕ್ಕಿಂತ ಮೊದಲಿನ ಕೆಲಸವಾಗಬೇಕು.

ಕರ್ನಾಟಕದ ಮನೆಗಳಲ್ಲಿ ಡ್ರೈಯರ್ ಎಂದರೆ ಅರೆಸ್ವಯಂಚಾಲಿತ ವಾಷಿಂಗ್ ಮಷೀನಿನ ಎರಡನೇ ತೊಟ್ಟಿ. ಅದರಲ್ಲಿ ಹೀಟರೇ ಇಲ್ಲ, ಬರೀ ವೇಗವಾಗಿ ತಿರುಗಿಸಿ ನೀರು ಚಿಮ್ಮಿಸುತ್ತದೆ. ಅದು ಕಾದು ವಾಸನೆ ಬಂದರೆ ಬ್ರೇಕ್ ಬಿಡದೆ ಹಿಡಿದುಕೊಂಡಿದೆಯೇ, ತೊಟ್ಟಿ ಒಂದು ಮಗ್ಗುಲಿಗೆ ಭಾರವಾಗಿದೆಯೇ ಎಂದು ನೋಡಬೇಕು. ಹೀಟರ್ ಇರುವ ನಿಜವಾದ ಡ್ರೈಯರ್ ಇಲ್ಲಿ ಈಚಿನದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ, ಹೊಗೆಯ ವಾಸನೆಯನ್ನು ಸಹಿಸಿಕೊಂಡು ಬಟ್ಟೆ ಒಣಗಿಸುತ್ತಿದ್ದ ಕಡೆ ಈಗ ಯಂತ್ರಗಳು ಬಂದಿವೆ. ಬೆಂಗಳೂರಿನ ಬಾಲ್ಕನಿಯಿಲ್ಲದ ಫ್ಲಾಟುಗಳಲ್ಲೂ ಅಷ್ಟೆ.

ಇವುಗಳಲ್ಲಿ ಹಲವಕ್ಕೆ ಗೋಡೆ ಕೊರೆಯಬೇಕಿಲ್ಲ. ಕಂಡೆನ್ಸರ್ ಮತ್ತು ಹೀಟ್ ಪಂಪ್ ಡ್ರೈಯರುಗಳು ತೇವದ ಗಾಳಿಯನ್ನು ಒಳಗೇ ತಂಪು ಮಾಡಿ ನೀರಾಗಿಸಿ, ತೊಟ್ಟಿಗೋ ಚರಂಡಿಗೋ ಬಿಡುತ್ತವೆ. ಹೀಟ್ ಪಂಪಿನದು ಕಡಿಮೆ ಬಿಸಿ, ಕಡಿಮೆ ಕರೆಂಟು, ಹೆಚ್ಚು ಹೊತ್ತು. ಕೊಳವೆಯ ಕಾಟ ತಪ್ಪಿದರೂ ಜುಂಗಿನದು ತಪ್ಪುವುದಿಲ್ಲ: ಕೆಳಗಿನ ಪುಟ್ಟ ಬಾಗಿಲ ಹಿಂದಿರುವ ಎರಡನೇ ಫಿಲ್ಟರು, ಅದರಾಚೆಯ ತೆಳು ಲೋಹದ ರೆಕ್ಕೆಗಳು ಕಟ್ಟಿಕೊಂಡರೆ ಅಲ್ಲೂ ಇದೇ ಕಥೆ. ಅಂಥ ಬಾಗಿಲು ಇದೆಯೆಂದೇ ಗೊತ್ತಿಲ್ಲದ ಮನೆಗಳು ಎಷ್ಟೋ. ಜೊತೆಗೆ, ಸುತ್ತಲಿನ ಗಾಳಿ 35 ಡಿಗ್ರಿ ಮೀರಬಾರದೆಂದು ಹಲವು ಕೈಪಿಡಿಗಳು ಹೇಳುತ್ತವೆ. ಗಾಜು ಹಾಕಿ ಮುಚ್ಚಿದ ಯುಟಿಲಿಟಿಯಲ್ಲಿ, ಮೇ ತಿಂಗಳ ಮಧ್ಯಾಹ್ನ, ಗೀಸರ್ ಪಕ್ಕದಲ್ಲಿಟ್ಟ ಯಂತ್ರ ನಿಂತುಬಿಟ್ಟರೆ ಅದನ್ನು ದೂರಿ ಫಲವಿಲ್ಲ. ಒಗೆಯುವುದನ್ನೂ ಒಣಗಿಸುವುದನ್ನೂ ಒಂದೇ ಡ್ರಮ್ಮಿನಲ್ಲಿ ಮಾಡುವ ಯಂತ್ರಗಳಲ್ಲಿ ಎಂಟು ಕಿಲೋ ಒಗೆದರೆ ಐದು ಕಿಲೋ ಮಾತ್ರ ಒಣಗಿಸಬಹುದು ಎಂಬಂಥ ಲೆಕ್ಕವಿರುತ್ತದೆ. ಎಂಟನ್ನೂ ಬಿಟ್ಟರೆ ಬಟ್ಟೆ ಉಂಡೆಯಾಗಿ ಗಾಳಿಯಾಡಲು ಎಡೆಯೇ ಇರುವುದಿಲ್ಲ. 2,000 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಸಾಕೆಟ್ಟೇ ಬೇಕು, ತೆಳು ಎಕ್ಸ್‌ಟೆನ್ಷನ್ ವೈರು ಸಲ್ಲದು.

ನಮ್ಮ ಮನೆಗಳಿಗೇ ವಿಶೇಷವಾಗಿ ಸಲ್ಲುವ ಇನ್ನೊಂದು ಎಚ್ಚರಿಕೆ ಎಣ್ಣೆಯದು. ಎಣ್ಣೆ ಕುಡಿದ ಬಟ್ಟೆ ಒಗೆದ ಮೇಲೂ ಪೂರ್ತಿ ಜಿಡ್ಡು ಬಿಟ್ಟಿರುವುದಿಲ್ಲ. ಬಿಸಿಯಾದ ಆ ಜಿಡ್ಡು ಗಾಳಿಯ ಆಮ್ಲಜನಕದೊಂದಿಗೆ ಕೂಡುತ್ತಾ ತಾನೇ ಶಾಖ ಹೊರಡಿಸುತ್ತದೆ; ಬಟ್ಟೆ ರಾಶಿಯಾಗಿ ಬಿದ್ದಿದ್ದರೆ ಆ ಶಾಖ ಒಳಗೇ ಕೂಡಿಕೊಂಡು, ಗಂಟೆಗಳ ಬಳಿಕ, ಯಂತ್ರ ನಿಂತ ಮೇಲೂ ಬೆಂಕಿ ಹೊತ್ತಬಹುದು. ಹೋಟೆಲು, ಮಸಾಜ್ ಕೇಂದ್ರಗಳ ಲಾಂಡ್ರಿಗಳಲ್ಲಿ ಇಂಥ ಬೆಂಕಿ ಹೊಸದಲ್ಲ. ಎಲ್ಲ ಎಣ್ಣೆಗೂ ಒಂದೇ ಗುಣವಿಲ್ಲ. ಅಗಸೆ ಎಣ್ಣೆ ಎಲ್ಲಕ್ಕಿಂತ ಅಪಾಯಕಾರಿ, ನಂತರ ಕುಸುಬೆ ಮತ್ತು ಸೂರ್ಯಕಾಂತಿ, ಎಳ್ಳೆಣ್ಣೆ ಅವುಗಳ ಬೆನ್ನಿಗೆ. ಶೇಂಗಾ ಎಣ್ಣೆ ಇನ್ನಷ್ಟು ಕೆಳಗೆ, ಕೊಬ್ಬರಿ ಎಣ್ಣೆಯದು ತೀರ ಕಡಿಮೆ. ಡ್ರೈಯರ್ ಕೊನೆಯ ಕೆಲವು ನಿಮಿಷ ಹೀಟರ್ ಆರಿಸಿ ಬರೀ ಗಾಳಿ ಹಾಯಿಸುವುದು ಬಟ್ಟೆ ತಣಿಯಲೆಂದೇ. ಅವಸರಕ್ಕೆ ನಡುವೆ ನಿಲ್ಲಿಸಿದರೆ ಬಿಸಿ ಬಟ್ಟೆಯನ್ನು ಅಲ್ಲೇ ಬಿಡದೆ ಹೊರತೆಗೆದು ಹರಡಬೇಕು. ಅಡುಗೆಮನೆಯ ಮಸಿಬಟ್ಟೆ, ಅಭ್ಯಂಜನದ ಟವೆಲ್ಲುಗಳನ್ನಂತೂ ಬಿಸಿನೀರಿನಲ್ಲಿ ಎರಡು ಸಲ ಒಗೆದರೂ ಡ್ರೈಯರಿಗೆ ಹಾಕದಿರುವುದೇ ಒಳ್ಳೆಯದು; ಬಾಲ್ಕನಿಯ ಗಾಳಿಗೆ ಹಾಕಿದರೆ ಅವು ಮರುದಿನದ ಹೊತ್ತಿಗೆ ಒಣಗಿರುತ್ತವೆ.